ಬಾರದ ಹಗೆಗೆ ಕಾದ ಗೋಪುರಗಳು

ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯನ್ನು ಓದಿದವರಿಗೆ ಅದರ ಮೊದಲ ದೃಶ್ಯ ನಡೆಯುವ, ಡಬ್ಲಿನ್ ಸಮೀಪದ ದುಂಡನೆಯ ಕಾವಲು ಗೋಪುರ ನೆನಪಿರಬಹುದು. ಕಾದಂಬರಿಯ ಕೀರ್ತಿಯಿಂದ ಅದು 1962ರಲ್ಲಿ ಜಾಯ್ಸನ ವಸ್ತುಸಂಗ್ರಹಾಲಯವಾಯಿತು. ಆದರೆ ಅದೇ ಕಾಲದಲ್ಲಿ ಐರ್ಲೆಂಡಿನ ಕರಾವಳಿಯುದ್ದಕ್ಕೂ ಎದ್ದ ಸಂಕೇತ ಗೋಪುರಗಳಿಗೆ ಅಂಥ ಭಾಗ್ಯ ಒದಗಲಿಲ್ಲ. ಅವುಗಳಲ್ಲಿ ಹೆಚ್ಚಿನವು ಇಂದು ಬರಿಯ ಮೊಂಡುಗೋಡೆಗಳು.

1796ರ ಡಿಸೆಂಬರಿನಲ್ಲಿ ಫ್ರೆಂಚ್ ನೌಕಾಪಡೆಯೊಂದು ಬ್ಯಾಂಟ್ರಿ ಕೊಲ್ಲಿಯವರೆಗೂ ಬಂದು, ಬಿರುಗಾಳಿಯಿಂದಾಗಿ ಸೈನ್ಯವನ್ನು ಇಳಿಸಲಾರದೆ ಮರಳಿತು. 1798ರಲ್ಲಿ ಸುಮಾರು ಸಾವಿರ ಫ್ರೆಂಚ್ ಸೈನಿಕರು ಕಿಲಾಲಾದಲ್ಲಿ ಇಳಿದೇಬಿಟ್ಟರು. ಬ್ರಿಟಿಷ್ ಸರ್ಕಾರದ ನಿದ್ದೆ ಕೆಟ್ಟಿತು. 1803ರಲ್ಲಿ ಯುದ್ಧ ಮರುಕಳಿಸಲು, ಡಬ್ಲಿನ್ನಿನಿಂದ ದಕ್ಷಿಣಕ್ಕೆ ಹೊರಟು, ಪಶ್ಚಿಮ ತೀರವನ್ನು ಬಳಸಿ, ಉತ್ತರದ ಮ್ಯಾಲಿನ್ ಹೆಡ್ ಭೂಶಿರದವರೆಗೆ 81 ಗೋಪುರಗಳ ಸರಪಳಿಯನ್ನು ಅದು 1804ರಿಂದ ಕಟ್ಟಿಸತೊಡಗಿತು.

ಇವುಗಳ ರಚನೆ ಸರಳ: ಚೌಕನೆಯ ಕಲ್ಲುಕಟ್ಟಡ, ಎರಡು ಅಂತಸ್ತು. ಬಾಗಿಲು ಇದ್ದುದು ಮೇಲಂತಸ್ತಿನಲ್ಲಿ. ಏಣಿಯಿಂದ ಹತ್ತಿ, ಏಣಿಯನ್ನು ಒಳಗೆಳೆದುಕೊಂಡರೆ ಅದೇ ಒಂದು ಪುಟ್ಟ ಕೋಟೆ. ಪಕ್ಕದಲ್ಲಿ ನೆಟ್ಟ ಎತ್ತರದ ಕಂಬಕ್ಕೆ ಬಾವುಟಗಳನ್ನೂ ಚೆಂಡುಗಳನ್ನೂ ಗೊತ್ತಾದ ಕ್ರಮದಲ್ಲಿ ಏರಿಸುವರು. ಮುಂದಿನ ಗೋಪುರದವರು ದುರ್ಬೀನಿನಿಂದ ಅದನ್ನು ಓದಿ, ತಮ್ಮ ಕಂಬದಲ್ಲಿ ಮರುನುಡಿಯುವರು. ಹೀಗೆ ಸುದ್ದಿ ಭೂಶಿರದಿಂದ ಭೂಶಿರಕ್ಕೆ ಸಾಗಬೇಕು. ಮಂಜು ಕವಿದರೆ ಮಾತ್ರ ಎಲ್ಲವೂ ಮೂಕ.

ಕೆಲಸ ಪೂರ್ತಿಯಾಗುವ ಮುನ್ನವೇ, 1805ರ ಟ್ರಫಾಲ್ಗರ್ ಕದನದಲ್ಲಿ ಫ್ರೆಂಚ್ ನೌಕಾಬಲ ಮುರಿಯಿತು. ಹಗೆ ಬರಲೇ ಇಲ್ಲ. 1815ರಲ್ಲಿ ನೆಪೋಲಿಯನ್ ಸೋತಮೇಲಂತೂ ಗೋಪುರಗಳು ಯಾರಿಗೂ ಬೇಡವಾದವು.

ಇವು ಯಾರ ಪರಂಪರೆ? 1796ರ ಆ ಹಡಗುಗಳಲ್ಲೊಂದರಲ್ಲಿ ಐರಿಷ್ ದೇಶಭಕ್ತ ವುಲ್ಫ್ ಟೋನ್ ಇದ್ದನೆಂಬುದನ್ನು ಮರೆಯಲಾಗದು. ಆಳುವವರು ಹಗೆಯೆಂದು ಕಂಡ ಹಾಯಿ ಅನೇಕ ಐರಿಷರಿಗೆ ಬಿಡುಗಡೆಯ ಹಾಯಿಯಾಗಿತ್ತು. ಪರರ ಭಯ ಕಟ್ಟಿಸಿದ ಕಲ್ಲನ್ನು ಜನ ಏಕೆ ಅಕ್ಕರೆಯಿಂದ ಕಾಣಬೇಕು?

ಇದಕ್ಕೆ ಉತ್ತರ ಹೇಳಿದ್ದು ಕಾಲವೇ. ಎರಡನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಸ್ವತಂತ್ರ ಐರ್ಲೆಂಡ್ ತನ್ನ ಕಾವಲುಗೂಡುಗಳನ್ನು ಕಟ್ಟಿಕೊಂಡಾಗ, ಹಲವನ್ನು ಈ ಹಳೆಯ ಗೋಪುರಗಳ ಮಗ್ಗುಲಲ್ಲೇ ನಿಲ್ಲಿಸಿತು. ಓಲ್ಡ್ ಹೆಡ್ ಆಫ್ ಕಿನ್ಸೇಲ್ ಭೂಶಿರದ ಗೋಪುರವನ್ನು ಊರವರೇ ಮುಂದಾಗಿ ದುರಸ್ತಿಮಾಡಿಸಿದರು. ಆಚೆಯ ಕಡಲಿನಲ್ಲಿ 1915ರಲ್ಲಿ ಮುಳುಗಿದ ಲುಸಿಟಾನಿಯಾ ಹಡಗಿನ ನೆನಪಿಗೆ ಅದು 2015ರಲ್ಲಿ ತೆರೆಯಿತು. ಅನ್ಯರ ಅಂಜಿಕೆಗೆಂದು ಎದ್ದ ಗೋಡೆ ಈಗ ಮಡಿದವರ ಹೆಸರನ್ನು ಕಾಯುತ್ತಿದೆ. ಪರಂಪರೆಯನ್ನು ಕಟ್ಟಿದವರು ಬಿಟ್ಟುಹೋಗಬಹುದು. ಅದು ತಮ್ಮದೆನ್ನುವ ಹಕ್ಕು ಉಳಿಸಿಕೊಂಡವರದು.