ಅಯೋ ಉಪಗ್ರಹದ ಜ್ವಾಲಾಮುಖಿಗಳು: ಶಾಖದ ಮೂಲ ಮತ್ತು ಒಡಲಿನ ಸ್ವರೂಪ

ಗುರುಗ್ರಹದ ಉಪಗ್ರಹವಾದ ಅಯೋ ಗಾತ್ರದಲ್ಲಿ ನಮ್ಮ ಚಂದ್ರನಿಗಿಂತ ತುಸು ದೊಡ್ಡದು. ಇಷ್ಟು ಸಣ್ಣ ಕಾಯವು ತನ್ನ ಹುಟ್ಟಿನ ಶಾಖವನ್ನು ಎಂದೋ ಕಳೆದುಕೊಂಡಿರಬೇಕಿತ್ತು. ಆದರೂ ಅಲ್ಲಿ ಸುಮಾರು 400 ಜೀವಂತ ಜ್ವಾಲಾಮುಖಿಗಳಿವೆ. ಸೌರಮಂಡಲದಲ್ಲಿ ಇದಕ್ಕೆ ಸಾಟಿಯಾದುದು ಬೇರೊಂದಿಲ್ಲ.

ಇದರ ಕಾರಣವು ವೀಕ್ಷಣೆಗೆ ಮೊದಲೇ ಲೆಕ್ಕಾಚಾರದಿಂದ ತಿಳಿದಿತ್ತೆಂಬುದು ವಿಶೇಷ. ಅಯೋ ಗುರುವನ್ನು ನಾಲ್ಕು ಬಾರಿ ಸುತ್ತುವಷ್ಟರಲ್ಲಿ ಯುರೋಪಾ ಎರಡು ಬಾರಿ, ಗ್ಯಾನಿಮೀಡ್ ಒಂದು ಬಾರಿ ಸುತ್ತುತ್ತವೆ. ಇವುಗಳ ನಿಯತವಾದ ಸೆಳೆತದಿಂದ ಅಯೋದ ಕಕ್ಷೆಯು ಪೂರ್ಣ ವೃತ್ತವಾಗದೆ ಉಳಿದಿದೆ. ಗುರುವಿನಿಂದ ಅದರ ದೂರವು ಬದಲಾದಂತೆ, ನಮ್ಮ ಕಡಲಿನಲ್ಲಿ ನೀರು ಏರಿಳಿಯುವ ಹಾಗೆ, ಅಲ್ಲಿ ಬಂಡೆಯೇ ಉಬ್ಬಿ ಇಳಿಯುತ್ತದೆ. ಸುಮಾರು 42 ಗಂಟೆಗಳಿಗೊಮ್ಮೆ ಹೀಗೆ ನಲುಗುವ ಒಡಲು ಆಂತರಿಕ ಘರ್ಷಣೆಯಿಂದ ಕಾಯುತ್ತದೆ. ಪೀಲ್, ಕ್ಯಾಸನ್ ಮತ್ತು ರೆನಾಲ್ಡ್ಸ್ ಇದನ್ನು ಮಂಡಿಸಿದ ಪ್ರಬಂಧವು 1979ರ ಮಾರ್ಚ್ 2ರಂದು ಪ್ರಕಟವಾಯಿತು. ವಾಯೇಜರ್-1 ನೌಕೆಯು ಮಾರ್ಚ್ 8ರಂದು ತೆಗೆದ ಚಿತ್ರದಲ್ಲಿ ಲಿಂಡಾ ಮೊರಾಬಿಟೊ ಜ್ವಾಲಾಮುಖಿಯ ಚಿಮ್ಮುಗೆಯನ್ನು ಗುರುತಿಸಿದರು.

ಆದರೆ ಆ ಪ್ರಬಂಧವು ಅಯೋದ ಒಡಲು ಬಹುಪಾಲು ಕರಗಿರಬಹುದೆಂದೂ ಊಹಿಸಿತ್ತು. ಗೆಲಿಲಿಯೋ ನೌಕೆಯ ಕಾಂತಕ್ಷೇತ್ರ ಮಾಪನಗಳನ್ನು ಆಧರಿಸಿದ 2011ರ ಅಧ್ಯಯನವೂ ಹೊರಪದರದ ಕೆಳಗೆ ಶಿಲಾಪಾಕದ ಹಾಸನ್ನು ಸೂಚಿಸಿತು. ಈ ಭಾಗವು ನಿಲ್ಲಲಿಲ್ಲ. ಒಳಗೆ ದ್ರವದ ಸಾಗರವಿದ್ದರೆ ಉಪಗ್ರಹವು ಗುರುವಿನ ಸೆಳೆತಕ್ಕೆ ಹೆಚ್ಚು ಬಾಗಬೇಕು. ಜುನೋ ನೌಕೆಯು 2023ರ ಡಿಸೆಂಬರ್ ಹಾಗೂ 2024ರ ಫೆಬ್ರವರಿಯಲ್ಲಿ ಸುಮಾರು 1,500 ಕಿ.ಮೀ. ಸಮೀಪದಿಂದ ಹಾದುಹೋದಾಗ ದೊರೆತ ಗುರುತ್ವ ಮಾಪನಗಳು ಅಷ್ಟು ಬಾಗುವಿಕೆಯನ್ನು ತೋರಲಿಲ್ಲ. ಮೇಲ್ಮೈಗೆ ಸಮೀಪದಲ್ಲಿ ಅಯೋವನ್ನು ಆವರಿಸಿದ ಶಿಲಾಪಾಕದ ಸಾಗರವಿಲ್ಲ. ಅಲ್ಲಿನ ಜ್ವಾಲಾಮುಖಿಗಳಿಗೆಲ್ಲ ಅಂತಹ ಒಂದೇ ಆಕರವನ್ನು ಇನ್ನು ಕಲ್ಪಿಸಲಾಗದು.