ಎಂಸಿಬಿ ಒಂದೇ, ಅಪಾಯ ಎರಡು

ಪುಣೆಯಲ್ಲಿ ಫ್ಲ್ಯಾಟ್ ಕೊಳ್ಳುವ ಕನ್ನಡಿಗ ಮಿತ್ರರು ವೈರಿಂಗ್ ನೋಡಿಕೊಡಲು ನನ್ನನ್ನು ಕರೆಯುವುದುಂಟು. ಅದೇ ನನ್ನ ಕಸುಬು. ಹೆಚ್ಚಿನವರ ಮೊದಲ ಪ್ರಶ್ನೆ, 'ಎಂಸಿಬಿ ಒಳ್ಳೆ ಕಂಪನಿಯದಾ ಸಾರ್?' ಕಂಪನಿ ಆಮೇಲೆ, ಮೊದಲು ಅದರ ಮುಖದ ಮೇಲಿನ ಪುಟ್ಟ ಚೌಕಟ್ಟು ನೋಡಿ ಎನ್ನುತ್ತೇನೆ. ಸಾಮಾನ್ಯವಾಗಿ ಅಲ್ಲಿ 6000 ಅಥವಾ 10000 ಎಂದು ಅಚ್ಚಾಗಿರುತ್ತದೆ.

ಫೇಸ್, ನ್ಯೂಟ್ರಲ್ ತಂತಿಗಳು ತಾಗಿ ಶಾರ್ಟ್ ಆದಾಗ ನುಗ್ಗುವ ಕರೆಂಟನ್ನು ಎಷ್ಟು ಆಂಪಿಯರ್‌ವರೆಗೆ ಆ ಎಂಸಿಬಿ ಸುರಕ್ಷಿತವಾಗಿ ಕಡಿಯಬಲ್ಲದು ಎಂಬುದನ್ನು ಈ ಅಂಕಿ ಹೇಳುತ್ತದೆ. ಅದನ್ನು ಮೀರಿದರೆ ಒಳಗಿನ ಕಾಂಟ್ಯಾಕ್ಟ್ ಬೆಸೆದುಕೊಳ್ಳಬಹುದು, ಎಂಸಿಬಿಯೇ ಸಿಡಿಯಬಹುದು. ಹಾಗಾದರೆ ನಮ್ಮ ಮನೆಯಲ್ಲಿ ಎಷ್ಟು ನುಗ್ಗೀತು? ಅದನ್ನು ಶಾರ್ಟ್ ಮಾಡಿ ನೋಡಬೇಕಿಲ್ಲ. ಲೂಪ್ ಟೆಸ್ಟರ್ ಎಂಬ ಉಪಕರಣ ಒಂದು ಕ್ಷಣ ಸ್ವಲ್ಪ ಕರೆಂಟ್ ಎಳೆದು, ವೋಲ್ಟೇಜ್ ಎಷ್ಟು ಕುಸಿಯಿತೆಂದು ನೋಡುತ್ತದೆ. ಅದರಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಹೋಗಿಬರುವ ದಾರಿಯ ಒಟ್ಟು ತಡೆ ಸಿಗುತ್ತದೆ. 230 ವೋಲ್ಟನ್ನು ಆ ತಡೆಯಿಂದ ಭಾಗಿಸಿದರೆ ಉತ್ತರ.

ನಗರದ ಸೊಸೈಟಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಕಾಂಪೌಂಡಿನೊಳಗೇ ಇರುವುದುಂಟು. ಶೇ 4.5 ಇಂಪೀಡೆನ್ಸ್‌ನ 500 ಕೆವಿಎ ಟ್ರಾನ್ಸ್‌ಫಾರ್ಮರಾದರೆ ಅದರ ಬಾಯಲ್ಲಿ ಶಾರ್ಟ್ ಕರೆಂಟ್ ಸುಮಾರು 15,000 ಆಂಪಿಯರ್. ಕೇಬಲ್ ಉದ್ದವಾದಷ್ಟೂ ಅದು ತಗ್ಗುತ್ತದೆ. ಹಾಗಾಗಿ ಹದಿನೈದನೇ ಮಹಡಿಗಿಂತ ಪ್ಯಾನೆಲ್ ಪಕ್ಕದ ನೆಲಮಹಡಿಯ ಮನೆಗೇ ಹೆಚ್ಚು ಚಿಂತೆ. ಅಂಥ ಕಡೆ ಮೀಟರ್ 0.04 ಓಮ್ ತೋರಿಸಿದರೆ 5,750 ಆಂಪಿಯರ್; 0.03 ಎಂದರೆ ಸುಮಾರು 7,670. ಇಷ್ಟು ಸಣ್ಣ ತಡೆಯಲ್ಲಿ ಉಪಕರಣದ ಒಂದಂಕಿ ಆಚೀಚೆಯಾದರೂ ಉತ್ತರ 6000ದ ಗೆರೆ ದಾಟುತ್ತದೆ. ಅಲ್ಲಿ ನಾನು 10000ದ ಎಂಸಿಬಿಯನ್ನೇ ಹಾಕಿಸುತ್ತೇನೆ.

ಈಗ ಊರಿನ ಮನೆಗೆ ಬನ್ನಿ. ರಜೆಗೆ ಹೋಗುವಾಗ ಇಲ್ಲಿಂದಲೇ ಒಳ್ಳೆಯ ಎಂಸಿಬಿ ಒಯ್ದು ಅಪ್ಪ ಅಮ್ಮನ ಮನೆಯ ಹಳೆಯ ಫ್ಯೂಸ್ ತೆಗೆಸುವವರು ನಮ್ಮಲ್ಲಿ ಅನೇಕರು. ಕಾಳಜಿ ಸರಿಯೇ, ಆದರೆ ಅಲ್ಲಿನ ಅಪಾಯ ತಿರುಗುಮುರುಗು. ಕಂಬದಿಂದ ಕಂಬಕ್ಕೆ ಬಂದ ಲೈನಿನ ತುದಿಯ ಮನೆಯಲ್ಲಿ ತಡೆ 1 ಓಮ್ ಇದ್ದರೆ ಶಾರ್ಟ್ ಆದರೂ ಹರಿಯುವುದು 230 ಆಂಪಿಯರ್ ಮಾತ್ರ. 'ಸಿ32' ಎಂಸಿಬಿ ಖಚಿತವಾಗಿ ತಕ್ಷಣ ಬೀಳಲು ಅದರ ಹತ್ತು ಪಟ್ಟು, ಅಂದರೆ 320 ಆಂಪಿಯರ್ ಬೇಕು. ಅಷ್ಟಿಲ್ಲದಿದ್ದರೆ ಅದು ತಡಮಾಡಬಹುದು, ಅಷ್ಟರಲ್ಲಿ ತಂತಿ ಕಾದುಬಿಡುತ್ತದೆ. 'ಬಿ32' ಆದರೆ ಐದು ಪಟ್ಟು, 160 ಆಂಪಿಯರ್ ಸಾಕು.

ಫೇಸ್ ತಂತಿ ಗೀಸರಿನ ಮೈಗೆ ತಾಗಿದರೆ ಇನ್ನೂ ಕಷ್ಟ. ಅರ್ಥಿಂಗ್ ತಂತಿ ಹಿತ್ತಲಿನ ಗುಂಡಿಗಷ್ಟೇ ಹೋಗಿ, ಆ ದಾರಿಯ ತಡೆ 10 ಓಮ್ ಇದ್ದರೆ ಹರಿಯುವುದು 23 ಆಂಪಿಯರ್. 32ರ ಎಂಸಿಬಿಗೆ ಅದು ಮಾಮೂಲಿ ಲೋಡ್! ಅದು ಬೀಳುವುದೇ ಇಲ್ಲ, ಗೀಸರಿನ ಮೈಯಲ್ಲಿ ಕರೆಂಟ್ ಹಾಗೇ ಉಳಿಯುತ್ತದೆ. ಅಲ್ಲಿ ಜೀವ ಕಾಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಎಂಸಿಬಿ ಒಯ್ಯುವವರು ಅದನ್ನೂ ಒಯ್ಯಲಿ.

ಆದ್ದರಿಂದ ಅಳತೆ ಎರಡು ಕಡೆ ಬೇಕು. ಕರೆಂಟ್ ಮನೆಯೊಳಗೆ ಬರುವ ಮೇನ್ ಬಳಿ ಸಿಗುವುದು ಗರಿಷ್ಠ. ಎಂಸಿಬಿ ತಾಳೀತೇ ಎಂದು ಅದು ಹೇಳುತ್ತದೆ. ಅತಿ ದೂರದ ಪ್ಲಗ್ಗಿನಲ್ಲಿ ಸಿಗುವುದು ಕನಿಷ್ಠ. ಎಂಸಿಬಿ ಬಿದ್ದೀತೇ ಎಂದು ಇದು ಹೇಳುತ್ತದೆ. ಪ್ಲಗ್ಗಿನಲ್ಲಿ ಫೇಸ್-ನ್ಯೂಟ್ರಲ್ ಜೊತೆಗೆ ಫೇಸ್-ಅರ್ಥ್ ಕೂಡ ಅಳೆಯಬೇಕು. ಕರೆಂಟ್ ಇರುವಾಗಲೇ ಮಾಡುವ ಪರೀಕ್ಷೆ ಇದು, ತರಬೇತಿ ಇದ್ದವರೇ ಮಾಡಲಿ. ಮಲ್ಟಿಮೀಟರ್ ಹಿಡಿದು ಪ್ರಯೋಗ ಬೇಡ.

ಗೃಹಪ್ರವೇಶಕ್ಕೆ ಮುನ್ನ ಬಿಲ್ಡರ್ ಬಳಿ ಈ ಅಂಕಿಗಳನ್ನು ಬರವಣಿಗೆಯಲ್ಲಿ ಕೇಳಿ. ಊರಿಗೆ ಹೋದಾಗ ಅಲ್ಲಿನ ಎಲೆಕ್ಟ್ರಿಷಿಯನ್ ಬಳಿಯೂ ಕೇಳಿ. ಕೊಟ್ಟರೆ ಡಿಬಿ ಬಾಗಿಲ ಒಳಗೆ ಅಂಟಿಸಿಡಿ, ಮುಂದೆ ಎಂಸಿಬಿ ಬದಲಿಸುವವನಿಗೆ ದಾರಿ ತಿಳಿಯುತ್ತದೆ.