ಕ್ಷಯರೋಗ ಮತ್ತು ನಮ್ಮ ದೇಹದೊಳಗಿನ ಚೀಟಿಗಳು



ತುರ್ತು ಸಭೆ ಇದ್ದರೆ ಸಂಘದ ಪ್ರತಿನಿಧಿ ಚೀಟಿ ಕಳಿಸ್ತಾರೆ, ನಾವು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡ್ತೇವೆ ಅಲ್ವಾ? ನಮ್ಮ ದೇಹದ ಕಾವಲು ಕಣಗಳೂ ಹೀಗೆಯೇ ಒಂದಕ್ಕೊಂದು ಚೀಟಿ ಕಳಿಸುತ್ತವೆ. ಈ ಚೀಟಿಗಳೇ ಸೈಟೊಕೈನ್‌ಗಳು. ಇವು ಬಹಳ ಸಣ್ಣ ಪ್ರೋಟೀನುಗಳು.

ಚೀಟಿ ಮುಟ್ಟಿದಾಗ ಏನಾಗುತ್ತದೆ?

ಕ್ಷಯದ ರೋಗಾಣು ಶ್ವಾಸಕೋಶಕ್ಕೆ ಬಂದಾಗ ಅಲ್ಲಿನ ಭಕ್ಷಕ ಕಣ ಅದನ್ನು ನುಂಗುತ್ತದೆ. ಆದರೆ ಈ ರೋಗಾಣು ಹಟಮಾರಿ. ನುಂಗಿದ ಕಣದೊಳಗೇ ಬದುಕಿಕೊಳ್ಳುತ್ತದೆ. ಆಗ ಟಿ-ಕಣವೆಂಬ ಬಿಳಿ ರಕ್ತಕಣವು 'ಇಂಟರ್‌ಫೆರಾನ್ ಗಾಮಾ' ಎಂಬ ಚೀಟಿ ಕಳಿಸುತ್ತದೆ.

ಈ ಚೀಟಿ ಭಕ್ಷಕ ಕಣದ ಹೊರಬಾಗಿಲು ತಟ್ಟುತ್ತದೆ. ಕೂಡಲೇ ಒಳಗಿರುವ 'ಸ್ಟಾಟ್-1' ಎಂಬ ಪ್ರೋಟೀನು ಎಚ್ಚೆತ್ತು, ಕಣದ ಕೇಂದ್ರಕ್ಕೆ ಹೋಗಿ ಡಿ.ಎನ್.ಎ. ಮೇಲೆ ಕೂರುತ್ತದೆ. ಡಿ.ಎನ್.ಎ. ಒಂದು ದೊಡ್ಡ ಪುಸ್ತಕ, ಜೀನ್‌ಗಳು ಅದರ ಪುಟಗಳು. ಪುಸ್ತಕ ಬದಲಾಗುವುದಿಲ್ಲ. ಮುಚ್ಚಿದ್ದ ನೂರಾರು ಪುಟಗಳು ತೆರೆಯುತ್ತವೆ, ಅಷ್ಟೇ. ಅದರಂತೆ ಹೊಸ ಪ್ರೋಟೀನುಗಳು ತಯಾರಾಗಿ, ಭಕ್ಷಕ ಕಣಕ್ಕೆ ರೋಗಾಣುವನ್ನು ಕೊಲ್ಲುವ ಶಕ್ತಿ ಬರುತ್ತದೆ.

'ಸಾಕು, ನಿಲ್ಲಿಸಿ' ಎನ್ನುವ ಚೀಟಿಯೂ ಇದೆ. ಅದು ಇಂಟರ್‌ಲ್ಯೂಕಿನ್-10. ಅದಿಲ್ಲದಿದ್ದರೆ ಜಗಳದಲ್ಲಿ ನಮ್ಮ ಅಂಗಗಳಿಗೇ ಪೆಟ್ಟು.

ನಮಗೇಕೆ ಈ ವಿಷಯ?

ಕ್ಷಯದಲ್ಲಿ ಸಂಜೆ ಜ್ವರ ಬರುವುದು, ಊಟ ಸೇರದಿರುವುದು, ಮೈ ಇಳಿಯುವುದು, ಇವಕ್ಕೆಲ್ಲ ಇಂಥ ಚೀಟಿಗಳೇ ಮುಖ್ಯ ಕಾರಣ. ಎಚ್.ಐ.ವಿ. ಇದ್ದವರಲ್ಲಿ ಚೀಟಿ ಕಳಿಸುವ ಟಿ-ಕಣಗಳೇ ಕಡಿಮೆಯಾಗುತ್ತವೆ. ಆದ್ದರಿಂದ ಅವರಿಗೆ ಕ್ಷಯ ಬೇಗ ತಗಲುತ್ತದೆ. ಸಂಧಿವಾತಕ್ಕೆ ಕೊಡುವ ಕೆಲವು ಇಂಜೆಕ್ಷನ್‌ಗಳು 'ಟಿ.ಎನ್.ಎಫ್.' ಎಂಬ ಚೀಟಿಯನ್ನು ತಡೆಯುತ್ತವೆ. ಅದಕ್ಕೇ ವೈದ್ಯರು ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಸರಿಯಾದ ಊಟವಿಲ್ಲದ ದೇಹದಲ್ಲೂ ಈ ಕಾವಲು ಸಡಿಲವಾಗುತ್ತದೆ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ನಾವು ಇದನ್ನು ನೆನಪಿಡಬೇಕು.

ನಾವು ಮಾಡಬೇಕಾದದ್ದು

* ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ.
* ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಮಾತ್ರೆ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡಿ. ಅಡಗಿದ ರೋಗಾಣು ಮತ್ತೆ ಏಳುತ್ತದೆ, ಆಮೇಲೆ ಮಾತ್ರೆಗೂ ಬಗ್ಗದೆ ಹೋಗಬಹುದು.
* ಚಿಕಿತ್ಸೆಯಲ್ಲಿರುವವರ ಪೌಷ್ಟಿಕ ಆಹಾರಕ್ಕೆ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿಯಾಗಿದೆ. ಹಣ ಬ್ಯಾಂಕ್ ಖಾತೆಗೇ ಬರುತ್ತದೆ.

ಸಂಘದಲ್ಲಿ ಯಾರಾದರೂ ಕೆಮ್ಮನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದರೆ ದೂರ ಸರಿಯಬೇಡಿ. ಜೊತೆಗೆ ಆಸ್ಪತ್ರೆಗೆ ಹೋಗಿ ಬನ್ನಿ.